ಎಲೈಜಾ ಟಿಬೆಟ್ಸ್ ಮತ್ತು ರಿವರ್ಸೈಡಿನ ಕಿತ್ತಳೆ

ಅರಸುಗಳ ವಂಶಾವಳಿ, ದಂಡಯಾತ್ರೆ, ಕೋಟೆಕೊತ್ತಲಗಳ ಮುತ್ತಿಗೆ, ಇವೇ ಇತಿಹಾಸವೆಂಬ ಭಾವನೆಯು ಈಗ ಹಿಂದಿನಷ್ಟು ಬಲವಾಗಿಲ್ಲ. ಆದರೂ ನಾವು ದಿನವೂ ಉಣ್ಣುವ ಕಾಯಿಪಲ್ಯಕ್ಕೂ ತಿನ್ನುವ ಹಣ್ಣಿಗೂ ಒಂದೊಂದು ಚರಿತ್ರೆಯುಂಟೆಂಬುದನ್ನು ನೆನೆಯುವವರು ವಿರಳ. ಮೆಣಸಿನಕಾಯಿ, ಸೀಬೆ, ಪರಂಗಿ, ಗೋಡಂಬಿ ಇವೆಲ್ಲವೂ ಸಮುದ್ರಾಂತರದಿಂದ ನಮ್ಮ ನೆಲಕ್ಕೆ ಬಂದವು. ಅವುಗಳ ಮೊದಲನೆಯ ಬೀಜವನ್ನು ನಮ್ಮ ಯಾವ ಹಿತ್ತಲಲ್ಲಿ ಯಾರು ಊರಿದರು, ಯಾರು ನೀರೆರೆದರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಲೋಕಕ್ಕೆ ಫಲವನ್ನಿತ್ತವರು ಸಾಮಾನ್ಯವಾಗಿ ಹೆಸರನ್ನು ಬಿಟ್ಟು ಹೋಗುವುದಿಲ್ಲ. ಈ ಸಾಮಾನ್ಯ ನಿಯಮಕ್ಕೆ ಅಪವಾದವಾಗಿ, ಅಮೆರಿಕದ ಕ್ಯಾಲಿಫೋರ್ನಿಯ ಸೀಮೆಯ ಕಿತ್ತಳೆಯ ಬೇಸಾಯದ ಮೊದಲಲ್ಲಿ ಒಬ್ಬ ಹೆಂಗಸಿನ ಹೆಸರು ನಿಂತಿದೆ. ಆಕೆಯೇ ಎಲೈಜಾ ಟಿಬೆಟ್ಸ್.

ಆದರೆ ಉಳಿದು ಬಂದ ಹೆಸರೂ ಪೂರ್ಣವಾಗಿ ಉಳಿದಿಲ್ಲ. ಆ ಸೀಮೆಯ ಜನ ಬಹುಕಾಲ ಹೇಳಿಕೊಂಡು ಬಂದ ಕಥೆಯಲ್ಲಿ ಈಕೆಯು ಪಾತ್ರೆ ತೊಳೆದ ನೀರನ್ನು ಎರಡು ಸಸಿಗಳಿಗೆ ಎರೆದು ಬದುಕಿಸಿದ ಗೃಹಿಣಿ. ಅಷ್ಟೇ. ಅದಕ್ಕೆ ಹಿಂದಿನ ಸುಮಾರು ಐವತ್ತು ವರ್ಷಗಳನ್ನು ಆಕೆ ಹೇಗೆ ಕಳೆದಳು, ಯಾವ ಮತವನ್ನು ಹಿಡಿದಿದ್ದಳು, ರಾಜಧಾನಿಯಲ್ಲಿ ಯಾವ ಬಾಗಿಲನ್ನು ತಟ್ಟಿದಳು ಎಂಬುದನ್ನು ಆ ಕಥೆಯು ಹೇಳುವುದಿಲ್ಲ. ಆ ಮರೆವನ್ನು ಸ್ವಲ್ಪ ಸರಿಪಡಿಸುವುದೇ ಈ ಲೇಖನದ ಉದ್ದೇಶ.

೧

ಎಲೈಜಾ ಮರಿಯಾ ಲವೆಲ್ ಹುಟ್ಟಿದ್ದು ೧೮೨೩ರಲ್ಲಿ, ಓಹೈಯೋ ಸಂಸ್ಥಾನದ ಸಿನ್ಸಿನಾಟಿ ನಗರದಲ್ಲಿ. ಈ ಊರಿನ ಸ್ಥಾನವನ್ನು ಮನಸ್ಸಿಗೆ ತಂದುಕೊಂಡರೆ ಆಕೆಯ ಮುಂದಿನ ನಡತೆಯು ಅರ್ಥವಾಗುವುದು. ಊರಿನ ಮುಂದೆ ಓಹೈಯೋ ನದಿ. ನದಿಯ ಆಚೆ ದಡದಲ್ಲಿ ಕೆಂಟಕಿ ಸಂಸ್ಥಾನ. ಈಚೆ ದಡದಲ್ಲಿ ಗುಲಾಮಗಿರಿಯು ನಿಷಿದ್ಧ, ಆಚೆ ದಡದಲ್ಲಿ ಅದು ಶಾಸನಸಮ್ಮತ. ಒಡೆಯರಿಂದ ತಪ್ಪಿಸಿಕೊಂಡ ನೀಗ್ರೋ ಗುಲಾಮರು ರಾತ್ರಿಯಲ್ಲಿ ನದಿಯನ್ನು ದಾಟಿ ಬರುತ್ತಿದ್ದ ದಾರಿಗಳಲ್ಲಿ ಈ ನಗರವು ಮುಖ್ಯವಾದುದು. ಸ್ವಾತಂತ್ರ್ಯವೆಂಬುದು ಆ ಊರಿನ ಮಕ್ಕಳಿಗೆ ಪುಸ್ತಕದ ಮಾತಾಗಿರಲಿಲ್ಲ. ಕಣ್ಣೆದುರಿಗೆ ಹರಿಯುವ ಹೊಳೆಯ ಎರಡು ದಡಗಳ ಅಂತರವಾಗಿತ್ತು.

ಆಕೆಯ ಮನೆತನದವರು ಸ್ವೀಡನ್ ದೇಶದ ತತ್ತ್ವಜ್ಞ ಸ್ವೀಡನ್‌ಬೋರ್ಗನ ಉಪದೇಶವನ್ನು ಅನುಸರಿಸಿದ ಸಭೆಗೆ ಸೇರಿದವರು. ಕಾಣುವ ಲೋಕದ ಹಿಂದೆ ಕಾಣದ ಲೋಕವೊಂದಿದೆ, ಎರಡಕ್ಕೂ ಸಂಬಂಧವುಂಟು ಎಂಬುದು ಆ ಮತದ ಸಾರ. ತರುವಾಯ ಎಲೈಜಾ, ಅಗಲಿದವರ ಆತ್ಮಗಳೊಡನೆ ಸಂಭಾಷಿಸಬಹುದೆಂದು ನಂಬುವ ಪಂಥಕ್ಕೆ ಒಲಿದಳು. ಇಂದಿನ ವಾಚಕರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಈ ಪಂಥದ ಸಭೆಗಳು ಹೆಂಗಸರು ಪುರುಷರ ಮುಂದೆ ಎದ್ದುನಿಂತು ಮಾತನಾಡಬಹುದಾಗಿದ್ದ ಕೆಲವೇ ಸ್ಥಳಗಳಲ್ಲಿ ಒಂದಾಗಿದ್ದುವು. ಗುಲಾಮಗಿರಿಯ ವಿಮೋಚನೆ, ಸ್ತ್ರೀಯರಿಗೆ ಮತದಾನ, ಪಾನನಿರೋಧ ಮೊದಲಾದ ಸುಧಾರಣೆಗಳನ್ನು ಎತ್ತಿಹಿಡಿದವರಲ್ಲಿ ಅನೇಕರು ಈ ಪಂಥದೊಡನೆ ಸಂಬಂಧವಿದ್ದವರೇ.

ಎಲೈಜಾ ಮೂರು ಬಾರಿ ವಿವಾಹವಾದಳು. ಮೂರನೆಯ ಗಂಡ ಲೂಥರ್ ಕ್ಯಾಲ್ವಿನ್ ಟಿಬೆಟ್ಸ್ ಎಂಬವನು ವರ್ತಕ, ಸುಧಾರಕ, ಅದರ ಜೊತೆಗೆ ಮಹಾ ವ್ಯಾಜ್ಯಪ್ರಿಯ. ೧೮೬೧ರಿಂದ ೧೮೬೫ರ ವರೆಗೆ ನಡೆದ ಅಂತರ್ಯುದ್ಧವು ಮುಗಿದ ಮೇಲೆ ಈ ದಂಪತಿಗಳು ಸೋತ ದಕ್ಷಿಣ ಸೀಮೆಯಲ್ಲಿ, ವರ್ಜೀನಿಯ ಸಂಸ್ಥಾನದ ಫ್ರೆಡರಿಕ್ಸ್‌ಬರ್ಗಿನಲ್ಲಿ, ಕೆಲಕಾಲ ನೆಲೆಸಿದರು. ಹೊಸದಾಗಿ ಬಿಡುಗಡೆ ಹೊಂದಿದ ನೀಗ್ರೋ ಜನರ ಪಕ್ಷವನ್ನು ಬಹಿರಂಗವಾಗಿ ವಹಿಸಿದ ಬಿಳಿಯರಿಗೆ ಅಲ್ಲಿ ನೆರೆಹೊರೆಯವರ ಆದರವು ದೊರೆಯುವುದು ಅಸಾಧ್ಯವಾಗಿತ್ತು. ಹಗೆತನವನ್ನೇ ಉಂಡು ಅವರು ಅಲ್ಲಿಂದ ಹೊರಟು ರಾಜಧಾನಿಯಾದ ವಾಷಿಂಗ್ಟನ್ ನಗರಕ್ಕೆ ಬಂದರು.

೨

ವಾಷಿಂಗ್ಟನ್ನಿನಲ್ಲಿ ಎಲೈಜಾಳ ಚರಿತ್ರೆಯು ದೇಶದ ಚರಿತ್ರೆಯೊಡನೆ ಕೂಡಿಕೊಳ್ಳುತ್ತದೆ. ಅಂತರ್ಯುದ್ಧದ ತರುವಾಯ ಅಮೆರಿಕದ ರಾಜ್ಯಾಂಗಕ್ಕೆ ಸೇರಿದ ೧೪ನೆಯ ತಿದ್ದುಪಡಿಯು ಆ ದೇಶದಲ್ಲಿ ಹುಟ್ಟಿದ ಸಮಸ್ತರನ್ನೂ ಪ್ರಜೆಗಳೆಂದು ಸಾರಿತು. ಹೆಂಗಸೂ ಆ ದೇಶದಲ್ಲಿಯೇ ಹುಟ್ಟಿದವಳು, ಆದುದರಿಂದ ಪ್ರಜೆ. ಪ್ರಜೆಯಾದ ಮೇಲೆ ಮತ ಹಾಕುವ ಅಧಿಕಾರವು ಆಕೆಗೆ ಏಕಿಲ್ಲ? ಈ ತರ್ಕವನ್ನು ಹಿಡಿದು, ೧೮೭೧ರ ಏಪ್ರಿಲ್ ತಿಂಗಳಲ್ಲಿ ಸುಮಾರು ಎಪ್ಪತ್ತು ಮಂದಿ ಹೆಂಗಸರು ರಾಜಧಾನಿಯ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಬರೆದುಕೊಳ್ಳಬೇಕೆಂದು ಅಧಿಕಾರಿಗಳ ಮುಂದೆ ಹೋಗಿ ನಿಂತರು. ಆ ಗುಂಪಿನಲ್ಲಿ ಎಲೈಜಾ ಟಿಬೆಟ್ಸ್ ಇದ್ದಳು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ತನ್ನ ವಾಕ್ಶಕ್ತಿಯಿಂದ ದೇಶವನ್ನೇ ಎಚ್ಚರಿಸಿದ ಫ್ರೆಡರಿಕ್ ಡಗ್ಲಸ್ಸನ ಬೆಂಬಲವು ಇಂಥ ಪ್ರಯತ್ನಗಳಿಗೆ ೧೮೪೮ರಿಂದಲೂ ಇದ್ದಿತು.

ಅಧಿಕಾರಿಗಳು ಹೆಸರನ್ನು ಬರೆದುಕೊಳ್ಳಲಿಲ್ಲ. ಹೆಂಗಸರು ನ್ಯಾಯಸ್ಥಾನಕ್ಕೆ ಹೋದರು. ನ್ಯಾಯಾಧೀಶರು ಕೊಟ್ಟ ತೀರ್ಪು ಗಮನಾರ್ಹವಾದುದು. ತಿದ್ದುಪಡಿಯಿಂದ ಹೆಂಗಸರು ಪ್ರಜೆಗಳಾಗಿರುವುದು ನಿಜ, ಮತದಾರರಾಗುವ ಯೋಗ್ಯತೆಯೂ ಅವರಿಗೆ ಬಂದಿದೆ. ಆದರೆ ಪ್ರತ್ಯೇಕವಾದ ಕಾನೂನಿನಿಂದ ಆ ಅಧಿಕಾರವನ್ನು ಕೊಡುವ ವರೆಗೆ ಅದು ನಡೆಯುವಂತಿಲ್ಲ ಎಂಬುದು ಅದರ ತಾತ್ಪರ್ಯ. ಹಣ್ಣು ನಿನ್ನದೇ, ಆದರೆ ಕೊಯ್ಯಕೂಡದು ಎಂದಂತಾಯಿತು. ಆ ಪ್ರತ್ಯೇಕವಾದ ಕಾನೂನು ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ೧೯೧೧ರಲ್ಲಿಯೂ, ಇಡೀ ದೇಶಕ್ಕೆ ೧೯೨೦ರಲ್ಲಿಯೂ ಬಂದಿತು. ಎಲೈಜಾ ತೀರಿಕೊಂಡದ್ದು ೧೮೯೮ರಲ್ಲಿ. ಬಯಸಿದ ಅಧಿಕಾರವನ್ನು ಆಕೆ ತನ್ನ ಆಯುಷ್ಯದಲ್ಲಿ ಕಾಣಲಿಲ್ಲ.

೩

ಇದೇ ವಾಷಿಂಗ್ಟನ್ನಿನಲ್ಲಿ ಸರ್ಕಾರದ ವ್ಯವಸಾಯ ಇಲಾಖೆಯ ತೋಟಗಳಿಗೆ ಮುಖ್ಯಾಧಿಕಾರಿಯಾಗಿದ್ದವನು ವಿಲಿಯಂ ಸಾಂಡರ್ಸ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ತೋಟಗಾರನು ಅನ್ಯದೇಶಗಳ ಉಪಯುಕ್ತ ಸಸ್ಯಗಳನ್ನು ತರಿಸಿ, ಗಾಜಿನ ಮನೆಗಳಲ್ಲಿ ಬೆಳೆಸಿ, ಬೇಡಿದ ರೈತರಿಗೆ ಹಂಚುತ್ತಿದ್ದನು. ನಮ್ಮ ಬೆಂಗಳೂರಿನ ಲಾಲ್‌ಬಾಗಿನಂಥ ತೋಟಗಳು ಮಾಡುತ್ತ ಬಂದ ಕೆಲಸವೂ ಇದೇ ಬಗೆಯದು. ಬ್ರೆಜಿಲ್ ದೇಶದ ಬಾಹಿಯ ಎಂಬಲ್ಲಿ ಬೀಜವಿಲ್ಲದ ಅತ್ಯುತ್ತಮವಾದ ಕಿತ್ತಳೆಯೊಂದಿದೆಯೆಂಬ ವರ್ತಮಾನವು ಸಾಂಡರ್ಸನಿಗೆ ಪತ್ರಮುಖೇನ ತಿಳಿದಿತ್ತು. ಆತನು ತರಿಸಿದ ಹನ್ನೆರಡು ಗಿಡಗಳು ೧೮೭೦ರಲ್ಲಿ ಹಡಗಿನಲ್ಲಿ ಬಳಲಿ ಬಂದು ಮುಟ್ಟಿದುವು. ಅವುಗಳಿಂದ ಕಣ್ಣುಗಳನ್ನು ತೆಗೆದು ಬೇರೆ ಕಿತ್ತಳೆಯ ಸಸಿಗಳಿಗೆ ಕಸಿಮಾಡಿ ಆತನು ವಂಶವನ್ನು ಉಳಿಸಿದನು.

ಈ ಹಣ್ಣಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮಗೆ ಪರಿಚಿತವಾದ ಕೊಡಗಿನ ಕಿತ್ತಳೆಯು ಸಿಪ್ಪೆ ಸಡಿಲವಾಗಿ ಸುಲಿಯಲು ಸುಲಭವಾದ ಜಾತಿ. ಬಾಹಿಯದ ಹಣ್ಣು ಅದಲ್ಲ. ತೊಳೆಗೆ ಸಿಪ್ಪೆಯು ಅಂಟಿಕೊಂಡಿರುವ, ನಮ್ಮ ಮೂಸಂಬಿಯ ಕುಲಕ್ಕೆ ಸೇರಿದ ಸಿಹಿ ಕಿತ್ತಳೆ. ಹಣ್ಣಿನ ತುದಿಯಲ್ಲಿ, ದೊಡ್ಡ ಹಣ್ಣಿನೊಳಗೆ ಹುದುಗಿದಂತೆ, ಬೆಳೆಯದೆ ನಿಂತ ಇನ್ನೊಂದು ಮರಿಹಣ್ಣು ಇರುವುದರಿಂದ ಅಲ್ಲಿ ಹೊಕ್ಕುಳಿನಂತೆ ಕಾಣುತ್ತದೆ. ಅದರಿಂದಲೇ ಇದಕ್ಕೆ ಹೊಕ್ಕುಳು ಕಿತ್ತಳೆಯೆಂದು ಹೆಸರು. ಇದರ ಹೂವಿನಲ್ಲಿ ಫಲಕಾರಿಯಾದ ಪರಾಗವಿಲ್ಲ; ಪರಾಗಸ್ಪರ್ಶವಿಲ್ಲದೆಯೇ ಕಾಯಿ ಕಟ್ಟುತ್ತದೆ, ಬೀಜವಾಗುವುದಿಲ್ಲ. ತಿನ್ನುವವನಿಗೆ ಇದು ಸೌಕರ್ಯ. ಗಿಡಕ್ಕೆ ಇದು ವಂಶನಾಶದ ಭೀತಿ. ನಂಜನಗೂಡಿನ ರಸಬಾಳೆಯು ಕಂದಿನಿಂದಲ್ಲದೆ ಬೀಜದಿಂದ ಹೇಗೆ ಬೆಳೆಯಲಾರದೋ, ಹಾಗೆಯೇ ಈ ಕಿತ್ತಳೆಯು ಮನುಷ್ಯನ ಕೈಯಿಂದ ಕಸಿಯಾಗದೆ ಇದ್ದರೆ ಒಂದು ತಲೆಗೇ ಮುಗಿದುಹೋಗುವುದು.

ಇದರ ಮೂಲವನ್ನು ವಿಚಾರಿಸಲು ಅಮೆರಿಕದ ವ್ಯವಸಾಯ ಇಲಾಖೆಯವರು ೧೯೧೩ರಲ್ಲಿ ಮೂವರು ತಜ್ಞರನ್ನು ಬಾಹಿಯಕ್ಕೆ ಕಳುಹಿಸಿದರು. ಡಾರ್ಸೆಟ್, ಶಾಮೆಲ್, ಪಾಪಿನೋ ಎಂಬ ಈ ಮೂವರ ವರದಿಯು ೧೯೧೭ರಲ್ಲಿ ಪ್ರಕಟವಾಯಿತು. ಬಾಹಿಯದಲ್ಲಿ ಬೆಳೆಯುತ್ತಿದ್ದ ಸೆಲೆಕ್ಟ ಎಂಬ ಸಿಹಿ ಕಿತ್ತಳೆಯ ಮರದಲ್ಲಿ, ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ, ಒಂದು ಕೊಂಬೆಯ ಕಣ್ಣು ತಾನಾಗಿ ಮಾರ್ಪಟ್ಟು ಈ ಹೊಸ ಹಣ್ಣನ್ನು ಬಿಟ್ಟಿತೆಂಬುದು ಅವರ ನಿರ್ಣಯ. ಆ ಕೊಂಬೆಯ ವಿಶೇಷವನ್ನು ಗುರುತಿಸಿ ಮೊದಲು ಕಸಿಕಟ್ಟಿದ ಕೈಗೆ ಇತಿಹಾಸದಲ್ಲಿ ಹೆಸರಿಲ್ಲ. ಬ್ರೆಜಿಲಿನಲ್ಲಿ ಗುಲಾಮಗಿರಿಯು ೧೮೮೮ರ ವರೆಗೂ ನಡೆದುಬಂದಿತು; ಅಲ್ಲಿಯ ತೋಟಗಳ ದುಡಿಮೆಯ ಬಹುಭಾಗವು ಗುಲಾಮರದೇ. ಗುಲಾಮಗಿರಿಯ ವೈರಿಯಾಗಿದ್ದ ಎಲೈಜಾಳ ಕೀರ್ತಿಗೆ ಕಾರಣವಾದ ಗಿಡವು ಅಂಥ ನೆಲದಿಂದ ಬಂದುದೆಂಬುದನ್ನೂ ಇತಿಹಾಸಕಾರನು ಮರೆಯಕೂಡದು.

೪

ಇತ್ತ ಲೂಥರ್ ಟಿಬೆಟ್ಸ್ ೧೮೭೦ರಲ್ಲಿಯೇ ಪಶ್ಚಿಮ ಸಮುದ್ರದ ಕಡೆಗೆ ಹೊರಟು ದಕ್ಷಿಣ ಕ್ಯಾಲಿಫೋರ್ನಿಯವನ್ನು ಸೇರಿದ್ದನು. ಅಲ್ಲಿ ಜಾನ್ ನಾರ್ತ್ ಎಂಬ ಗುಲಾಮಗಿರಿಯ ವಿರೋಧಿಯು ಅದೇ ವರ್ಷ ರಿವರ್ಸೈಡ್ ಎಂಬ ವಸಾಹತನ್ನು ಸ್ಥಾಪಿಸಿದ್ದನು. ಆ ನೆಲವು ಮೂಲತಃ ಕಹುಯ್ಯ ಮೊದಲಾದ ಆದಿನಿವಾಸಿಗಳದು. ಅನಂತರ ಸ್ಪೇನಿನವರ, ಮೆಕ್ಸಿಕೋದವರ ದನದ ಹುಲ್ಲುಗಾವಲು. ನಾರ್ತನಿಗಿಂತ ಮುಂಚೆ ಒಂದು ಸಂಘವು ಅಲ್ಲಿ ಹಿಪ್ಪುನೇರಳೆಯನ್ನು ಬೆಳೆದು ರೇಷ್ಮೆಹುಳುವನ್ನು ಸಾಕುವ ಉದ್ದೇಶದಿಂದ ಭೂಮಿಯನ್ನು ಕೊಂಡಿತ್ತು. ಅದಕ್ಕೆ ಆಧಾರನಾಗಿದ್ದ ಪ್ರೆವೋ ಎಂಬ ಫ್ರೆಂಚನು ೧೮೬೯ರಲ್ಲಿ ಮಡಿಯಲು ಆ ಪ್ರಯತ್ನವು ನಿಂತುಹೋಯಿತು. ಹಾಗಾಗದಿದ್ದಲ್ಲಿ ಆ ಊರು ನಮ್ಮ ರಾಮನಗರ, ಶಿಡ್ಲಘಟ್ಟಗಳಂತೆ ಗೂಡಿನ ಊರಾಗುತ್ತಿತ್ತೋ ಏನೋ.

ಅಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ಹತ್ತು ಅಂಗುಲ. ನಮ್ಮ ಚಳ್ಳಕೆರೆಯ ಸೀಮೆಯ ಮಳೆಯ ಅರ್ಧ. ಸ್ಯಾಂಟ ಆನ ಎಂಬ ಹೊಳೆಯಿಂದ ಕಾಲುವೆಯನ್ನು ತೋಡಿ ನೀರನ್ನು ತಂದರೇ ಬೇಸಾಯ. ಏನನ್ನು ಬೆಳೆದರೆ ಬದುಕಬಹುದೆಂಬುದು ವಸಾಹತಿನವರಿಗೆ ನಿಶ್ಚಯವಾಗಿರಲಿಲ್ಲ. ಕಿತ್ತಳೆಯು ಆ ಸೀಮೆಗೆ ಹೊಸದೇನೂ ಅಲ್ಲ. ಸ್ಪೇನಿನ ಪಾದ್ರಿಗಳು ಸ್ಯಾನ್ ಗೇಬ್ರಿಯಲ್ ಮಠದಲ್ಲಿ ೧೮೦೪ರ ಸುಮಾರಿಗೆ ಕಿತ್ತಳೆಯ ತೋಟವನ್ನು ಹಾಕಿದ್ದರು. ೧೮೪೧ರಲ್ಲಿ ವುಲ್ಫ್‌ಸ್ಕಿಲ್ ಎಂಬವನು ಲಾಸ್ ಏಂಜಲೀಸಿನಲ್ಲಿ ಮಾರಾಟಕ್ಕಾಗಿ ತೋಟವನ್ನು ಎಬ್ಬಿಸಿದ್ದನು. ಆದರೆ ಅವು ಬೀಜದ ಗಿಡಗಳು. ಹಣ್ಣಿನಲ್ಲಿ ಬೀಜ ಹೆಚ್ಚು, ಹುಳಿ ಹೆಚ್ಚು, ಗುಣವು ಮರದಿಂದ ಮರಕ್ಕೆ ಬೇರೆ. ಫಲವನ್ನು ಕಾಣಬೇಕಾದರೆ ಹಲವು ವರ್ಷಗಳು ಕಾಯಬೇಕು.

ಇಂಥ ಸ್ಥಳಕ್ಕೆ ಎಲೈಜಾ ಗಂಡನ ಹಿಂದೆ ಬಂದು ಸೇರಿದಳು. ೧೮೭೩ರಲ್ಲಿ ಸಾಂಡರ್ಸನಿಂದ ಬಾಹಿಯದ ಕಿತ್ತಳೆಯ ಸಸಿಗಳು ಆಕೆಗೆ ದೊರೆತುವು. ವಾಷಿಂಗ್ಟನ್ನಿನಿಂದ ಹೊರಡುವ ಮೊದಲೇ ಕೇಳಿ ಪಡೆದಳೆಂದು ಕೆಲವರು, ಪತ್ರ ಬರೆದು ತರಿಸಿಕೊಂಡಳೆಂದು ಕೆಲವರು ಹೇಳುತ್ತಾರೆ. ಸಸಿಗಳು ಮೂರಿದ್ದುವು, ಒಂದನ್ನು ಹಸು ತುಳಿದುಹಾಕಿತು ಎಂಬ ಹೇಳಿಕೆಯೂ ಉಂಟು. ಲೂಥರನು ಗಾಡಿ ಕಟ್ಟಿಕೊಂಡು ದಿನಗಟ್ಟಲೆ ಪ್ರಯಾಣ ಮಾಡಿ ಲಾಸ್ ಏಂಜಲೀಸಿನಿಂದ ಕಟ್ಟನ್ನು ತಂದನೆಂಬುದು ಇನ್ನೊಂದು. ಈ ಪಾಠಭೇದಗಳು ಹೇಗೇ ಇರಲಿ, ಎರಡು ಸಸಿಗಳು ಟಿಬೆಟ್ಸರ ಮನೆಯ ಅಂಗಳದಲ್ಲಿ ಬೇರೂರಿದುವೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಅವುಗಳನ್ನು ತರಿಸಿದ ಕೀರ್ತಿಯು ಯಾರಿಗೆ ಸೇರಬೇಕು? ಗಂಡನಿಗೋ, ಹೆಂಡತಿಗೋ? ಮರಗಳು ಪ್ರಸಿದ್ಧವಾದ ಮೇಲೆ ಈ ಪ್ರಶ್ನೆಗೆ ಬಹಳ ಬೆಲೆ ಬಂದಿತು. ಭೂಮಿಯ ಪತ್ರದಲ್ಲಿ, ವ್ಯಾಜ್ಯದ ಕಾಗದದಲ್ಲಿ ಕಾಣುವ ಹೆಸರು ಗಂಡನದು. ಅದರಿಂದ ಅನೇಕರು ಆತನನ್ನೇ ಈ ಬೇಸಾಯದ ಮೂಲಪುರುಷನೆಂದು ಬರೆದರು. ಆದರೆ ಸಸಿಗಳನ್ನು ಕೊಟ್ಟವನ ಮಾತಿಗಿಂತ ಬಲವಾದ ಪ್ರಮಾಣವು ಬೇರೆ ಏನಿದ್ದೀತು? ತನ್ನನ್ನು ಬಂದು ಕಂಡು ಗಿಡಗಳನ್ನು ಆಸೆಪಟ್ಟು ಕೇಳಿದವಳು ಶ್ರೀಮತಿ ಟಿಬೆಟ್ಸಳೆಂದೂ, ಆಕೆಗೆ ಎರಡನ್ನು ಕೊಟ್ಟೆನೆಂದೂ ಸಾಂಡರ್ಸನೇ ಹೇಳಿದ್ದಾನೆ. ಈ ಸಾಕ್ಷ್ಯದಿಂದ ವಿಷಯವು ಇತ್ಯರ್ಥವಾಯಿತೆಂದೇ ತಿಳಿಯಬೇಕು.

ಇನ್ನು ಪಾತ್ರೆ ತೊಳೆದ ನೀರಿನ ಕಥೆ. ಲೂಥರನಿಗೂ ಕಾಲುವೆಯ ಕಂಪೆನಿಗೂ ನೀರಿನ ವಿಷಯದಲ್ಲಿ ಜಗಳವಿದ್ದುದರಿಂದ ಅವರ ನೆಲಕ್ಕೆ ಕಾಲುವೆಯ ನೀರು ಬರುತ್ತಿರಲಿಲ್ಲವೆಂದೂ, ಎಲೈಜಾ ಅಡಿಗೆಮನೆಯ ನೀರನ್ನೇ ಹೊತ್ತು ತಂದು ಗಿಡಗಳಿಗೆ ಹೊಯ್ದಳೆಂದೂ ಹೇಳುತ್ತಾರೆ. ಆ ಒಣನೆಲದಲ್ಲಿ ಇದು ಅಸಂಭಾವ್ಯವಲ್ಲ. ನಮ್ಮ ಹಳ್ಳಿಗಳಲ್ಲಿಯೂ ಬಚ್ಚಲ ನೀರಿನಿಂದ ಬಾಳೆ, ಕೆಸುವು, ತೆಂಗು ಬೆಳೆಯುವುದನ್ನು ನಾವೆಲ್ಲ ಬಲ್ಲೆವು. ಕಥೆಯು ನಿಜವಾಗಿಯೇ ಇರಲಿ. ಆದರೆ ಅದೊಂದನ್ನೇ ಹೇಳಿ ನಿಲ್ಲಿಸಿದರೆ ಸಸಿಗಳು ಆಕೆಗೆ ಅಕಸ್ಮಾತ್ತಾಗಿ ಒದಗಿ ಬಂದುವೆಂಬ ಭಾವನೆಯುಂಟಾಗುವುದು. ಸರ್ಕಾರದ ತೋಟವು ಪ್ರಜೆಗಳ ಸ್ವತ್ತು, ಅದರಿಂದ ಗಿಡವನ್ನು ಕೇಳುವುದು ತನ್ನ ಹಕ್ಕು ಎಂದು ತಿಳಿದು ಅಧಿಕಾರಿಯ ಮುಂದೆ ಹೋಗಿ ಕೇಳುವ ಧೈರ್ಯವು ಆ ಕಾಲದ ಎಷ್ಟು ಮಂದಿ ಹೆಂಗಸರಿಗಿತ್ತು? ೧೮೭೧ರಲ್ಲಿ ಮತದಾರರ ಪಟ್ಟಿಯ ಅಧಿಕಾರಿಯ ಮುಂದೆ ನಿಂತವಳಿಗೆ ಅದು ಇತ್ತು.

೫

ಕಸಿಗಿಡಗಳಾದುದರಿಂದ ಎರಡು ಮೂರು ವರ್ಷಗಳಲ್ಲಿಯೇ ಅವು ಫಲಬಿಟ್ಟುವು. ಹಣ್ಣು ದೊಡ್ಡದು, ಬಣ್ಣ ಗಾಢ, ಸಿಹಿಯೂ ಪರಿಮಳವೂ ಕೂಡಿದ ರಸ, ಬೀಜವಿಲ್ಲ. ನೆರೆಯವರು ತಿಂದು ಬೆರಗಾದರು. ೧೮೭೯ರಲ್ಲಿ ರಿವರ್ಸೈಡಿನಲ್ಲಿ ನಡೆದ ಕಿತ್ತಳೆ ನಿಂಬೆಗಳ ಪ್ರದರ್ಶನದಲ್ಲಿ ಈ ಹಣ್ಣಿಗೆ ಮೊದಲನೆಯ ಬಹುಮಾನವು ಬಂದಿತು. ಇದೇ ಹಣ್ಣನ್ನು ಸಾಂಡರ್ಸನು ಫ್ಲಾರಿಡ ಸಂಸ್ಥಾನಕ್ಕೂ ಕಳುಹಿಸಿದ್ದನು. ಅಲ್ಲಿಯ ತೇವದ ಹವೆಯಲ್ಲಿ ಮರವು ಸರಿಯಾಗಿ ಫಲಕೊಡಲಿಲ್ಲ. ಒಣಹವೆ, ಬಿಸಿಲಿನ ಹಗಲು, ತಣ್ಣನೆಯ ರಾತ್ರಿ, ಅಳತೆಯ ನೀರು, ಇವೆಲ್ಲ ಕೂಡಿದ ರಿವರ್ಸೈಡಿನಲ್ಲಿ ಅದು ತವರನ್ನು ಕಂಡಂತೆ ಬೆಳೆಯಿತು. ಮೂಲದ ಹೆಸರು ಬಾಹಿಯವಾದರೂ, ರಾಜಧಾನಿಯಿಂದ ಬಂದ ಕಾರಣ ಅದಕ್ಕೆ ವಾಷಿಂಗ್ಟನ್ ನೇವಲ್ ಎಂಬ ಹೆಸರು ನಿಂತಿತು.

ಬೀಜವಿಲ್ಲದ ಹಣ್ಣಾದುದರಿಂದ ಬೇಕಾದವರೆಲ್ಲರೂ ಟಿಬೆಟ್ಸರ ಬಾಗಿಲಿಗೇ ಬರಬೇಕಾಯಿತು. ಮರದ ಎಳೆಯ ಕಡ್ಡಿಯಿಂದ ಒಂದು ಕಣ್ಣನ್ನು ತೊಗಟೆಸಹಿತ ತೆಗೆದು, ಬೇರೆ ಸಸಿಯ ತೊಗಟೆಯನ್ನು ಸೀಳಿ ಅದರೊಳಗೆ ಸೇರಿಸಿ ಕಟ್ಟಿದರೆ, ಆ ಕಣ್ಣು ಚಿಗುರಿ ತಾಯಿಮರದ ಗುಣವನ್ನೇ ಹೊತ್ತ ಹೊಸ ಮರವಾಗುತ್ತದೆ. ಹೀಗೆ ಕಣ್ಣುಗಳ ಮಾರಾಟವು ಆರಂಭವಾಯಿತು. ಒಂದು ಕಾಲಕ್ಕೆ ಕಣ್ಣೊಂದಕ್ಕೆ ಒಂದು ಡಾಲರಿನ ವರೆಗೂ ಬೆಲೆ ಏರಿತೆಂದೂ, ಕಳ್ಳರ ಕಾಟಕ್ಕೆ ಮರಗಳ ಸುತ್ತ ಮುಳ್ಳುತಂತಿಯನ್ನು ಕಟ್ಟಬೇಕಾಯಿತೆಂದೂ ಹೇಳುತ್ತಾರೆ. ೧೮೮೨ರ ಹೊತ್ತಿಗೆ ಕ್ಯಾಲಿಫೋರ್ನಿಯದಲ್ಲಿ ಕಿತ್ತಳೆ ನಿಂಬೆಗಳ ಕುಲದ ಮರಗಳು ಐದು ಲಕ್ಷವನ್ನು ಮೀರಿದ್ದುವು. ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ರಿವರ್ಸೈಡಿನಲ್ಲಿಯೇ ಇದ್ದುವು. ೧೮೯೫ರಲ್ಲಿ ತಲೆಯೊಂದಕ್ಕೆ ಬರುವ ಐಶ್ವರ್ಯದ ಲೆಕ್ಕದಲ್ಲಿ ಅಮೆರಿಕದ ನಗರಗಳಲ್ಲೆಲ್ಲ ರಿವರ್ಸೈಡೇ ಮೊದಲನೆಯದೆಂಬ ಪ್ರಸಿದ್ಧಿಯು ಹುಟ್ಟಿತು.

ಒಂದು ಹಣ್ಣು ಒಂದು ಸೀಮೆಯ ಬಾಳನ್ನು ಹೇಗೆ ಮಾರ್ಪಡಿಸುವುದೆಂಬುದಕ್ಕೆ ಇದು ನಿದರ್ಶನ. ಈ ಕಿತ್ತಳೆಯು ಚಳಿಗಾಲದಲ್ಲಿ ಹಣ್ಣಾಗುತ್ತದೆ. ಪೂರ್ವ ಸಂಸ್ಥಾನಗಳು ಹಿಮದಲ್ಲಿ ಮುಳುಗಿ ಹಸಿಯ ಹಣ್ಣಿಗೆ ಹಂಬಲಿಸುವ ಕಾಲ ಅದು. ಸಿಪ್ಪೆಯು ದಪ್ಪವಾದುದರಿಂದ ದೂರದ ಪ್ರಯಾಣವನ್ನು ತಾಳುತ್ತದೆ. ಮಂಜುಗಡ್ಡೆಯಿಂದ ತಣ್ಣಗಿಟ್ಟ ರೈಲುಡಬ್ಬಿಗಳು ಬಂದ ಮೇಲೆ ಹಣ್ಣು ಖಂಡದ ಆಚೆಯ ಅಂಚನ್ನು ಮುಟ್ಟಿತು. ದಲ್ಲಾಳಿಗಳ ಕೈಯಲ್ಲಿ ನಷ್ಟಪಟ್ಟ ಬೆಳೆಗಾರರು ೧೮೯೩ರಲ್ಲಿ ಸಹಕಾರ ಸಂಘವನ್ನು ಕಟ್ಟಿದರು. ಅದು ೧೯೦೫ರಲ್ಲಿ ಇಡೀ ಕ್ಯಾಲಿಫೋರ್ನಿಯಕ್ಕೆ ವ್ಯಾಪಿಸಿತು. ಸನ್‌ಕಿಸ್ಟ್ ಎಂಬ ಮುದ್ರೆಯು ಆ ಸಂಘದ್ದೇ. ೧೯೦೭ರಲ್ಲಿ ಸರ್ಕಾರವು ರಿವರ್ಸೈಡಿನಲ್ಲಿ ಕಿತ್ತಳೆ ನಿಂಬೆಗಳ ಪ್ರಯೋಗಶಾಲೆಯನ್ನು ತೆರೆಯಿತು. ಅದೇ ಮುಂದೆ ಬೆಳೆದು ೧೯೫೪ರಲ್ಲಿ ಅಲ್ಲಿ ವಿಶ್ವವಿದ್ಯಾನಿಲಯದ ಕಾಲೇಜು ಆರಂಭವಾಗಲು ತಳಹದಿಯಾಯಿತು. ಸಂಘಬಲ, ವಿಜ್ಞಾನ, ಸಾಗಣೆ ಈ ಮೂರೂ ಕೂಡಿದಾಗ ಬೇಸಾಯವು ಎಷ್ಟು ದೂರ ಹೋಗಬಲ್ಲುದೆಂಬುದನ್ನು ನಮ್ಮ ತೋಟಗಾರರೂ ಮನನ ಮಾಡತಕ್ಕದ್ದು.

ಈ ಐಶ್ವರ್ಯವು ಎಲ್ಲರಿಗೂ ಸಮನಾಗಿ ಹಂಚಿಹೋಗಲಿಲ್ಲ. ಹಣ್ಣನ್ನು ಕೊಯ್ದು, ಆರಿಸಿ, ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ನಾಜೂಕಾದ ಕೆಲಸವನ್ನು ಮೊದಲಲ್ಲಿ ಮಾಡಿದವರು ಚೀಣೀಯರು. ೧೮೮೨ರ ಕಾನೂನಿನಿಂದ ಅವರ ಬರವು ನಿಂತ ಮೇಲೆ ಜಪಾನಿನವರು, ಕೊರಿಯದವರು, ಮೆಕ್ಸಿಕೋದವರು ಒಬ್ಬರ ಹಿಂದೆ ಒಬ್ಬರು ಆ ಕೆಲಸಕ್ಕೆ ಬಂದರು. ಹಣ್ಣು ಕಟ್ಟುವ ಮನೆಗಳಲ್ಲಿ ಹೆಂಗಸರ ದುಡಿಮೆಯೇ ಹೆಚ್ಚು. ತೋಟದ ಒಡೆಯರ ಮಹಡಿಮನೆಗಳು ಒಂದು ಬೀದಿಯಲ್ಲಿ, ಕೂಲಿಯವರ ಗುಡಿಸಲುಗಳು ರೈಲುಹಳಿಯ ಆಚೆಗೆ. ಮನುಷ್ಯರೆಲ್ಲರೂ ಸಮಾನರೆಂದು ನಂಬಿದ ಸುಧಾರಕರು ಕಟ್ಟಿದ ಊರಿನಲ್ಲಿಯೇ ಇದು ನಡೆಯಿತು.

೬

ಹಾಗಾದರೆ ಆ ಎರಡು ಮರಗಳ ಒಡತಿಯು ಏನಾದಳು? ಕಣ್ಣುಗಳ ಮಾರಾಟದಿಂದ ಟಿಬೆಟ್ಸರಿಗೆ ಕೆಲಕಾಲ ಹಣವು ಬಂದುದು ನಿಜ. ಆದರೆ ಕಣ್ಣಿನಿಂದ ಕಣ್ಣು ಬೆಳೆಯುವ ಕಸಿಯಲ್ಲಿ ಮೂಲದವರಿಗೆ ನಿರಂತರವಾದ ಲಾಭವಿಲ್ಲ; ಕೊಂಡವನ ಮರವೂ ಬಹುಬೇಗನೆ ಮಾರಾಟದ ಕಣ್ಣುಗಳನ್ನು ಕೊಡತೊಡಗುತ್ತದೆ. ಇತ್ತ ಲೂಥರನ ವ್ಯಾಜ್ಯಗಳು ಮುಗಿಯಲಿಲ್ಲ. ಸಾಲಕ್ಕಾಗಿ ಆಸ್ತಿಯು ಹೋಯಿತು. ಮರಗಳು ನಿಂತ ನೆಲವೂ ಪರಾಧೀನವಾಯಿತು. ೧೮೯೮ರ ಜುಲೈ ತಿಂಗಳಲ್ಲಿ, ಆತ್ಮವಾದಿಗಳು ಸಮುದ್ರತೀರದಲ್ಲಿ ಸ್ಥಾಪಿಸಿಕೊಂಡಿದ್ದ ಸಮ್ಮರ್‌ಲ್ಯಾಂಡ್ ಎಂಬ ಊರಿನಲ್ಲಿ ಎಲೈಜಾ ತೀರಿಕೊಂಡಳು. ಆಕೆಯ ಸಮಾಧಿಯು ರಿವರ್ಸೈಡಿನಲ್ಲಿದೆ. ಲೂಥರನು ೧೯೦೨ರಲ್ಲಿ, ಬಡವರನ್ನು ನೋಡಿಕೊಳ್ಳುತ್ತಿದ್ದ ಸಾರ್ವಜನಿಕ ಆಸ್ಪತ್ರೆಯಲ್ಲಿ, ನಿರ್ಗತಿಕನಾಗಿ ಸತ್ತನು.

ಮರಗಳಿಗೆ ಮಾತ್ರ ರಾಜೋಪಚಾರವು ದೊರೆಯಿತು. ೧೯೦೩ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ರಿವರ್ಸೈಡಿಗೆ ಬಂದಾಗ, ಎರಡರಲ್ಲಿ ಒಂದು ಮರವನ್ನು ಊರಿನ ಪ್ರಸಿದ್ಧವಾದ ವಸತಿಗೃಹದ ಅಂಗಳದಲ್ಲಿ ಆತನ ಕೈಯಿಂದಲೇ ಮಣ್ಣು ಹಾಕಿಸಿ ಪುನಃ ನೆಟ್ಟರು. ಎರಡು ದಶಕಗಳು ತುಂಬುವುದರೊಳಗೆ ಅದು ಒಣಗಿತು. ಮತ್ತೊಂದನ್ನು ೧೯೦೨ರಲ್ಲಿ ಮ್ಯಾಗ್ನೋಲಿಯ, ಆರ್ಲಿಂಗ್ಟನ್ ಎಂಬ ಎರಡು ಬೀದಿಗಳು ಕೂಡುವಲ್ಲಿ ನೆಟ್ಟಿದ್ದರು. ಅದಕ್ಕೂ ಬುಡಕೊಳೆಯ ರೋಗವು ತಗಲಿ ಸಾಯುವ ಸ್ಥಿತಿಗೆ ಬಂದಿತು. ೧೯೧೮ರಲ್ಲಿ ಪ್ರಯೋಗಶಾಲೆಯ ಪಂಡಿತರು ಮರದ ಸುತ್ತ ರೋಗವನ್ನು ತಾಳುವ ಎಳೆಯ ಸಸಿಗಳನ್ನು ನೆಟ್ಟು, ಅವುಗಳ ತಲೆಯನ್ನು ಮರದ ಕಾಂಡಕ್ಕೆ ಕಸಿಮಾಡಿ, ಹಳೆಯ ಬೇರಿಗೆ ಬದಲಾಗಿ ಹೊಸ ಬೇರುಗಳನ್ನು ಒದಗಿಸಿದರು. ೧೯೨೧ರಲ್ಲಿಯೂ ೧೯೫೧ರಲ್ಲಿಯೂ ಈ ಉಪಚಾರವನ್ನು ಪುನಃ ಮಾಡಿದರು. ವೃದ್ಧೆಯನ್ನು ಮೊಮ್ಮಕ್ಕಳು ತೋಳು ಕೊಟ್ಟು ನಿಲ್ಲಿಸಿದಂತೆ ಆ ಮರವು ಅನ್ಯರ ಬೇರಿನ ಮೇಲೆ ನಿಂತು ಇಂದಿಗೂ ಫಲ ಕೊಡುತ್ತಿದೆ. ಅದು ಕ್ಯಾಲಿಫೋರ್ನಿಯದ ಐತಿಹಾಸಿಕ ಸ್ಮಾರಕಗಳ ಪಟ್ಟಿಯಲ್ಲಿ ೨೦ನೆಯದು.

ಈಚೆಗೆ ಅದಕ್ಕೆ ಇನ್ನೊಂದು ಭಯವು ಬಂದೊದಗಿದೆ. ಎಲೆಗಳನ್ನು ಹಳದಿಗೊಳಿಸಿ, ಹಣ್ಣನ್ನು ಕಹಿಮಾಡಿ, ಕೊನೆಗೆ ಮರವನ್ನೇ ಕೊಲ್ಲುವ ರೋಗವೊಂದು ಸಣ್ಣದೊಂದು ಕೀಟದಿಂದ ಹರಡುತ್ತ ೨೦೧೭ರಲ್ಲಿ ರಿವರ್ಸೈಡ್ ನಗರದಲ್ಲಿಯೂ ಕಾಣಿಸಿಕೊಂಡಿತು. ಇದಕ್ಕೆ ಔಷಧವು ಸಿಕ್ಕಿಲ್ಲ. ಆದುದರಿಂದ ತಾಯಿಮರವನ್ನು ಕೀಟವು ನುಸುಳದಂಥ ಬಲೆಯ ಮನೆಯೊಳಗೆ ಇಟ್ಟು ಕಾಪಾಡುತ್ತಿದ್ದಾರೆ. ಕೊಡಗಿನ ಕಿತ್ತಳೆಯ ತೋಟಗಳು ಕ್ಷೀಣಿಸಿದುದಕ್ಕೆ ಹೇಳುವ ಕಾರಣಗಳಲ್ಲಿಯೂ ಈ ರೋಗವು ಒಂದು. ಆದುದರಿಂದ ಅಲ್ಲಿಯ ಚಿಂತೆಯು ನಮಗೆ ಅನ್ಯವಲ್ಲ. ಒಂದೇ ತಾಯಿಯ ಕಣ್ಣುಗಳಿಂದ ಹುಟ್ಟಿದ ಮರಗಳಿಗೆ ಗುಣವು ಒಂದೇ ಆಗಿರುವಂತೆ ದೌರ್ಬಲ್ಯವೂ ಒಂದೇ ಎಂಬುದು ಹಣ್ಣಿನ ಬೇಸಾಯಗಾರನು ಸದಾ ನೆನಪಿನಲ್ಲಿಡತಕ್ಕ ಸಂಗತಿ.

ಎಲೈಜಾ ಟಿಬೆಟ್ಸಳ ಕಂಚಿನ ಪ್ರತಿಮೆಯೊಂದನ್ನು ರಿವರ್ಸೈಡಿನ ಜನರು ೨೦೧೧ರಲ್ಲಿ ತಮ್ಮ ನಗರದ ನಡುವೆ ನಿಲ್ಲಿಸಿದರು. ಆಕೆ ಸತ್ತು ಆ ಹೊತ್ತಿಗೆ ೧೧೩ ವರ್ಷಗಳು ಸಂದಿದ್ದುವು. ತಡವಾದರೂ ಸಲ್ಲಬೇಕಾದ ಮರ್ಯಾದೆಯು ಸಂದಿತು.

ಆಕೆಯ ಕೆಲಸವನ್ನು ಹಿಗ್ಗಿಸಿ ಹೇಳಬೇಕಾದ ಅವಶ್ಯಕತೆಯಿಲ್ಲ. ಈ ಹಣ್ಣನ್ನು ಸೃಷ್ಟಿಸಿದವಳು ಆಕೆಯಲ್ಲ. ಅದು ಬಾಹಿಯದ ಒಂದು ಕೊಂಬೆಯ ವಿಲಾಸ. ಅದನ್ನು ದೇಶಕ್ಕೆ ತರಿಸಿದವನು ಸಾಂಡರ್ಸ್. ಅದನ್ನು ವ್ಯಾಪಾರಕ್ಕೆ ತಂದವರು ಸಾವಿರಾರು ಮಂದಿ ಬೆಳೆಗಾರರು ಮತ್ತು ಕೂಲಿಗಳು. ಈ ಸರಪಣಿಯಲ್ಲಿ ಆಕೆಯದು ಒಂದು ಕೊಂಡಿ. ಆದರೆ ಆ ಕೊಂಡಿಯಿಲ್ಲದಿದ್ದರೆ ಹನ್ನೆರಡು ಗಿಡಗಳ ಸಂತಾನವು ವಾಷಿಂಗ್ಟನ್ನಿನ ಗಾಜಿನ ಮನೆಯಲ್ಲಿ ಕೌತುಕವಾಗಿಯೂ, ಫ್ಲಾರಿಡದ ತೇವದಲ್ಲಿ ಬಂಜೆಯಾಗಿಯೂ ಕಾಲ ಕಳೆಯುತ್ತಿತ್ತು. ಯೋಗ್ಯವಾದುದನ್ನು ಯೋಗ್ಯವಾದ ನೆಲಕ್ಕೆ ತಂದು, ಬೇರೂರುವ ವರೆಗೆ ಕೈಬಿಡದೆ ಕಾಪಾಡಿದುದು ಆಕೆಯ ಪುಣ್ಯ.

ಅಮೆರಿಕದ ರಾಜಧಾನಿಯಲ್ಲಿ ಎಲೈಜಾ ಸರ್ಕಾರವನ್ನು ಎರಡು ವಸ್ತುಗಳಿಗಾಗಿ ಕೇಳಿದಳು. ಮತದಾರರ ಪಟ್ಟಿಯಲ್ಲಿ ತನ್ನ ಹೆಸರನ್ನು ಕೇಳಿದಳು, ಕೊಡಲಿಲ್ಲ. ಎರಡು ಕಿತ್ತಳೆಯ ಸಸಿಗಳನ್ನು ಕೇಳಿದಳು, ಕೊಟ್ಟರು. ಕೊಟ್ಟ ಸಸಿಗಳಿಂದ ಆ ದೇಶಕ್ಕೆ ಆದ ಲಾಭವನ್ನು ಜನರು ಕೋಟಿಗಳಲ್ಲಿ ಎಣಿಸಿಕೊಂಡರು. ಕೊಡದೆ ಹೋದ ಹಕ್ಕಿನಿಂದ, ಅಂಥ ಎಷ್ಟೋ ಹೆಂಗಸರ ಬುದ್ಧಿ, ಸಾಹಸ, ತಾಳ್ಮೆಗಳು ಐವತ್ತು ವರ್ಷಗಳ ಕಾಲ ರಾಜ್ಯಕಾರ್ಯಕ್ಕೆ ಸಲ್ಲದೆ ಉಳಿದು, ಅದೇ ದೇಶಕ್ಕೆ ಆದ ನಷ್ಟವನ್ನು ಮಾತ್ರ ಇದುವರೆಗೆ ಯಾರೂ ಲೆಕ್ಕಹಾಕಿಲ್ಲ.